ಟೆಕ್ಕ್ಯೋನ್: ಕೊರಿಯಾದ ಕಾಲ್ಚಳಕದ ಕಲೆ

ಮೊದಲ ಸಲ ನೋಡುವವರು ಇದನ್ನು ಕುಣಿತವೆಂದೇ ತಿಳಿಯುವುದುಂಟು. ಆಟಗಾರರು ಮಂಡಿ ಸಡಿಲಿಸಿ, ಸೊಂಟ ಬಳುಕಿಸಿ, ನೆಲದ ಮೇಲೆ ತ್ರಿಕೋನ ಬರೆದಂತೆ ಹೆಜ್ಜೆ ಬದಲಿಸುತ್ತಾರೆ. ‘ಪುಂಬಪ್ಕಿ’ ಎಂಬ ಈ ನಡೆಯೇ ಕಲೆಯ ಜೀವಾಳ. ಅದರ ಲಯದಲ್ಲೇ ಒಮ್ಮೆಲೇ ಕಾಲು ಮೇಲೇಳುತ್ತದೆ. ಎದುರಾಳಿಯನ್ನು ನೆಲಕ್ಕೆ ಕೆಡವಿದರೆ ಅಥವಾ ಮುಖಕ್ಕೆ ಪಾದ ತಾಗಿಸಿದರೆ ಗೆಲುವು; ಗಾಯ ಮಾಡುವುದು ಗುರಿಯಲ್ಲ. ಈ ಸಂಯಮವೇ ಇದರ ನಿಜವಾದ ಹಿರಿಮೆ.

ಜೋಸೊನ್ ಅರಸರ ಕಾಲದಲ್ಲಿ ಊರ ಕೇರಿಗಳ ನಡುವೆ ಇದರ ಪಂದ್ಯಗಳು ನಡೆಯುತ್ತಿದ್ದವು. ಯೂ ಸುಕ್ ಎಂಬ 19ನೇ ಶತಮಾನದ ಚಿತ್ರಕಾರನ ‘ಡೆಕ್ವೆದೋ’ ಚಿತ್ರದಲ್ಲಿ ಕುಸ್ತಿ ಮತ್ತು ಟೆಕ್ಕ್ಯೋನ್ ಒಂದೇ ಬಯಲಲ್ಲಿ ನಡೆದಿವೆ, ಸುತ್ತ ಜನ ನೆರೆದಿದ್ದಾರೆ.

1910ರಿಂದ 1945ರವರೆಗಿನ ಜಪಾನಿ ಆಳ್ವಿಕೆಯಲ್ಲಿ ಈ ಆಟ ಬಹುತೇಕ ಅಳಿಯಿತು. ಉಳಿಸಿದವರು ಸೋಲ್ ನಗರದ ಸೋಂಗ್ ಡೊಕ್-ಗಿ (1893–1987). ಎಳೆಯ ವಯಸ್ಸಿನಲ್ಲಿ ಕಲಿತದ್ದನ್ನು ಅವರು ಮುಪ್ಪಿನವರೆಗೂ ಬಿಡಲಿಲ್ಲ. ಶಿಷ್ಯ ಶಿನ್ ಹಾನ್-ಸುಂಗ್ ಅದನ್ನು ಪಾಠಕ್ರಮವಾಗಿ ಜೋಡಿಸಿದರು. 1983ರಲ್ಲಿ ದಕ್ಷಿಣ ಕೊರಿಯಾ ಸರ್ಕಾರ ಇದನ್ನು 76ನೆಯ ಪ್ರಮುಖ ಅಮೂರ್ತ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿತು. ನಾಲ್ಕೇ ವರ್ಷಗಳಲ್ಲಿ, 1987ರಲ್ಲಿ, ಗುರು ಶಿಷ್ಯರಿಬ್ಬರೂ ತೀರಿಕೊಂಡರು.

ಟೆಕ್ಕ್ಯೋನನ್ನು ಟೆಕ್ವಾಂಡೋದ ತಾಯಿ ಎನ್ನುವ ರೂಢಿಯಿದೆ. ಆದರೆ 1950ರ ದಶಕದಲ್ಲಿ ರೂಪುಗೊಂಡ ಟೆಕ್ವಾಂಡೋಗೆ ಜಪಾನಿನ ಕರಾಟೆಯ ಋಣ ದೊಡ್ಡದು. ಟೆಕ್ಕ್ಯೋನ್‌ಗೆ ತನ್ನದೇ ಘನತೆ ಇದೆ, ಅದಕ್ಕೆ ಎರವಲು ಕೀರ್ತಿ ಬೇಕಿಲ್ಲ.

ಯುನೆಸ್ಕೋ 2011ರಲ್ಲಿ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಶಿನ್ ಕಲಿಸಿದ ಚುಂಗ್ಜು ನಗರ ಇಂದಿಗೂ ಇದರ ಅಭ್ಯಾಸದ ಮುಖ್ಯ ನೆಲೆ.