ಮಾಂಸ, ಅವತಾರ ಮತ್ತು ಅಲಾಯಿ ದೇವರು

ಇಂಗ್ಲಿಷಿನ ‘ಇನ್‌ಕಾರ್ನೇಷನ್’ ಪದಕ್ಕೆ ನಾವು ಹಿಂದುಮುಂದು ನೋಡದೆ ‘ಅವತಾರ’ ಎಂದು ಬರೆದುಬಿಡುತ್ತೇವೆ. ಪದದ ಬೇರು ಬೇರೆಯದನ್ನೇ ಹೇಳುತ್ತದೆ. ಲ್ಯಾಟಿನ್ ಭಾಷೆಯಲ್ಲಿ ‘ಕಾರೊ’ ಎಂದರೆ ಮಾಂಸ. ಅದಕ್ಕೆ ‘ಇನ್’ ಸೇರಿ, ಮಾಂಸರೂಪ ತಾಳುವುದು ಎಂಬರ್ಥದ ಪದವಾಯಿತು. ಮಾಂಸಾಹಾರಿ ಪ್ರಾಣಿಯನ್ನು ‘ಕಾರ್ನಿವೋರ್’ ಎನ್ನುವುದೂ ಇದೇ ಬೇರಿನಿಂದ. ದೇವರ ವಾಕ್ಯವೇ ಯೇಸುವಿನಲ್ಲಿ ರಕ್ತಮಾಂಸ ತಳೆಯಿತೆಂಬ ಕ್ರೈಸ್ತ ನಂಬಿಕೆಯನ್ನು ಹೇಳಲು ಇದು ಬಳಕೆಗೆ ಬಂತು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ದಾಟಿತು.

ಸಂಸ್ಕೃತದ ಅವತಾರವಾದರೋ ಕೆಳಗಿಳಿಯುವುದು. ಮೀನೂ ಆಗಬಹುದು, ವರಾಹವೂ ಆಗಬಹುದು. ಕನ್ನಡ ಬೈಬಲಿನಲ್ಲಿ ಕಾಣುವ ‘ನರಾವತಾರ’ ಎಂಬ ಪದ ಈ ಎರಡು ಲೋಕಗಳ ನಡುವಿನ ರಾಜಿಯಂತಿದೆ. (ನಮ್ಮ ಮನೆಗಳಲ್ಲಿ ಕೆಸರು ಮೆತ್ತಿಕೊಂಡು ಬಂದ ಹುಡುಗನಿಗೂ “ಏನಪಾ ಇದು ನಿನ್ನ ಅವತಾರ!” ಎನ್ನುತ್ತಾರೆ.) ಕುರ್‌ಆನ್ ಈಸಾ ಅವರನ್ನು ಅಲ್ಲಾಹನ ವಚನವೆಂದು ಕರೆದರೂ ದೈವತ್ವವನ್ನು ಒಪ್ಪುವುದಿಲ್ಲ. ದೇವರು ದೇಹದಲ್ಲಿ ನೆಲೆಸುವನೆಂಬ ವಾದಕ್ಕೆ ಅರಬ್ಬಿಯಲ್ಲಿ ‘ಹುಲೂಲ್’ ಎಂಬ ಹೆಸರು. 922ರಲ್ಲಿ ಬಗ್ದಾದಿನಲ್ಲಿ ಕೊಲ್ಲಲ್ಪಟ್ಟ ಸೂಫಿ ಮನ್ಸೂರ್ ಹಲ್ಲಾಜರ ಮೇಲೆ ಈ ಆರೋಪವೂ ಇತ್ತು.

ಇಷ್ಟೆಲ್ಲ ಏಕೆಂದರೆ, ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಮೊಹರಂ ಬಂದಾಗ ಇಂಥದೇ ಆರೋಪ ಕೇಳಿಬರುತ್ತದೆ. ಅಲಾಯಿ ಹಬ್ಬದಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಪಂಜಾಕ್ಕೆ ಸಕ್ಕರೆ ಓದಿಸುತ್ತಾರೆ, ಅದನ್ನು ‘ದೇವರು’ ಎನ್ನುತ್ತಾರೆ. ಆ ಒಂದು ಮಾತನ್ನು ಹಿಡಿದು ಶಿರ್ಕ್ ಎನ್ನುವವರು ನಮ್ಮಲ್ಲಿದ್ದಾರೆ. ಇದೂ ನಮ್ಮದೇ ಅವತಾರ ಎಂದು ಎಳೆದುಕೊಳ್ಳುವವರು ಆ ಕಡೆ ಇದ್ದಾರೆ. ಧಾರ್ಮಿಕ ವಿಧಿಯಾಗಿ ನಾವು ಇದನ್ನು ಸಮರ್ಥಿಸುತ್ತಿಲ್ಲ. ಆದರೆ ತೀರ್ಪು ಕೊಡುವ ಮೊದಲು ಜನರ ಮಾತನ್ನು ಸರಿಯಾಗಿ ಕೇಳಬೇಡವೇ? ‘ಪಂಜಾ’ ಎಂದರೆ ಐದು ಬೆರಳಿನ ಹಸ್ತ; ‘ಅಲಂ’ ಎಂದರೆ ಧ್ವಜ. ಎರಡೂ 680ರ ಕರ್ಬಲಾದ ಗುರುತುಗಳು. ಹೊತ್ತವನ ‘ಮೈಮ್ಯಾಲೆ ಬಂತು’ ಎನ್ನುತ್ತಾರೆಯೇ ಹೊರತು ಅವನೇ ದೇವರಾದ ಎನ್ನುವುದಿಲ್ಲ. ಬಂದದ್ದು ಹೋಗುತ್ತದೆ.

ಕುಂದಗೋಳ ತಾಲ್ಲೂಕಿನ ಕಳಸದ ಗೋವಿಂದಭಟ್ಟರ ಶಿಷ್ಯ ಶಿಶುನಾಳ ಶರೀಫರು (1819–1889) ಕರ್ಬಲಾದ ಪದಗಳನ್ನೂ ಕಟ್ಟಿದರು, ದೇಹವನ್ನು ಸೋರುವ ಮನೆಯಾಗಿಯೂ ಕಂಡರು. ಬ್ರಾಹ್ಮಣ ಗುರು, ಮುಸ್ಲಿಂ ಶಿಷ್ಯ. ಇಬ್ಬರಲ್ಲಿ ಯಾರು ಯಾರ ಅವತಾರವೆಂದು ಅವರು ಕೇಳಿಕೊಂಡಂತೆ ಕಾಣುವುದಿಲ್ಲ.

ಹೊಳೆಗೆ ಹೋಗಿ ಬಂದ ಪಂಜಾ ಮತ್ತೆ ಬಟ್ಟೆ ಸುತ್ತಿಕೊಂಡು ಪೆಟ್ಟಿಗೆ ಸೇರುತ್ತದೆ. ಹೊತ್ತವನು ಮರುದಿನ ಹೊಲಕ್ಕೆ ಹೋಗುತ್ತಾನೆ.