ಸರ್ಕಾರಿ ಜಾಲತಾಣಗಳ ಸುಗಮ್ಯತೆ (ಭಾರತ)

ದೃಷ್ಟಿ, ಶ್ರವಣ, ಚಲನೆ ಅಥವಾ ಗ್ರಹಿಕೆಯ ತೊಂದರೆ ಇರುವವರೂ ಬಳಸಲಾಗುವಂತೆ ಸರ್ಕಾರಿ ಜಾಲತಾಣಗಳನ್ನು ರೂಪಿಸುವ ಕ್ರಮ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 42ನೆಯ ಪ್ರಕರಣ ಇದಕ್ಕೆ ಕಾನೂನಿನ ಆಧಾರ. ಭಾರತ ಸರ್ಕಾರದ ಜಾಲತಾಣ ಮಾರ್ಗಸೂಚಿ ಮೊದಲು ಹೊರಬಂದದ್ದು 2009ರಲ್ಲಿ; 2023ರ ಮೂರನೆಯ ಆವೃತ್ತಿ ಅಂತರರಾಷ್ಟ್ರೀಯ ಮಾನದಂಡವಾದ ಡಬ್ಲ್ಯುಸಿಎಜಿ 2.1ರ ‘ಎಎ’ ಮಟ್ಟವನ್ನು ಅನುಸರಿಸುತ್ತದೆ. ಚಿತ್ರಗಳಿಗೆ ಪರ್ಯಾಯ ಪಠ್ಯ, ವೀಡಿಯೊಗಳಿಗೆ ಅಡಿಬರಹ, ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ಬಳಕೆ, ಅರ್ಜಿ ನಮೂನೆಯ ಪ್ರತಿ ಖಾನೆಗೂ ಹೆಸರು, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ ಇದರ ಮುಖ್ಯ ಅಗತ್ಯಗಳು. ಕನ್ನಡ ಪುಟಗಳಿಗೆ ಯೂನಿಕೋಡ್ ಅನಿವಾರ್ಯ: ಹಳೆಯ ನುಡಿ, ಬರಹ ಫಾಂಟ್‌ಗಳ ಆಸ್ಕಿ ಪಠ್ಯವನ್ನು ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ತಂತ್ರಾಂಶ ಕನ್ನಡವೆಂದು ಗುರುತಿಸಲಾರದು. ಬರೀ ಸ್ಕ್ಯಾನ್ ಮಾಡಿ ಏರಿಸಿದ ಆದೇಶಪ್ರತಿಯಲ್ಲಂತೂ ಅದಕ್ಕೆ ಓದಲು ಪಠ್ಯವೇ ಸಿಗುವುದಿಲ್ಲ.