'ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ': ಬ್ರೌಸರ್ ಎಚ್ಚರಿಕೆಯನ್ನು ಓದುವುದು ಹೇಗೆ?

ಅರ್ಜಿ ಹಾಕಲು ಕೊನೆಯ ದಿನ. ಸರ್ವರ್ ಮೊದಲೇ ನಿಧಾನ. ಅಷ್ಟರಲ್ಲಿ ಪರದೆ ಮೇಲೆ ಕೆಂಪು ತ್ರಿಕೋನ: 'ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ'. ಆಗ ಹೆಚ್ಚಿನವರು 'ಅಡ್ವಾನ್ಸ್ಡ್' ಒತ್ತಿ, ಸಣ್ಣಕ್ಷರದ 'ಪ್ರೊಸೀಡ್' ಒತ್ತಿ ಒಳಗೆ ಹೋಗಿಬಿಡ್ತಾರೆ. ಗೆಳೆಯರು ಇಂಥ ಸ್ಕ್ರೀನ್‌ಶಾಟ್ ಕಳಿಸಿ 'ಮುಂದೆ ಹೋಗಬಹುದಾ?' ಅಂತ ಕೇಳಿದಾಗಲೆಲ್ಲ ನಾನು ತಿರುಗಿ ಕೇಳೋದು ಒಂದೇ: ಕೆಳಗೆ ಬರೆದಿರುವ ಎರರ್ ಕೋಡ್ ಏನು? ಮುಕ್ಕಾಲು ಉತ್ತರ ಅದರಲ್ಲೇ ಇರುತ್ತೆ.

ಎಚ್‌ಟಿಟಿಪಿಎಸ್ ಎರಡು ಕೆಲಸ ಮಾಡುತ್ತದೆ. ನೀವು ಕಳಿಸುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದದಂತೆ ಗೂಢಲಿಪಿಗೆ ಬದಲಿಸುವುದು ಒಂದು. ಆ ತುದಿಯಲ್ಲಿರುವವರು ಯಾರು ಎಂಬುದಕ್ಕೆ ಗುರುತಿನ ಚೀಟಿ ಪರಿಶೀಲಿಸುವುದು ಇನ್ನೊಂದು. ಆ ಚೀಟಿಯೇ ಸರ್ಟಿಫಿಕೇಟ್. ಅದನ್ನು ಕೊಡುವ ಸಂಸ್ಥೆಗಳಲ್ಲಿ ಯಾರನ್ನು ನಂಬಬೇಕು ಎಂಬ ಪಟ್ಟಿ ನಿಮ್ಮ ಬ್ರೌಸರ್ ಅಥವಾ ಆಪರೇಟಿಂಗ್ ಸಿಸ್ಟಂ ಒಳಗೇ ಇರುತ್ತೆ. ಚೀಟಿ ತಾಳೆಯಾಗದಿದ್ದರೆ ಎಚ್ಚರಿಕೆ. (ತಾಳೆಯಾಯಿತು ಅಂದ ಮಾತ್ರಕ್ಕೆ ಸೈಟ್ ಪ್ರಾಮಾಣಿಕ ಅಂತಲ್ಲ. ವಂಚಕರೂ ತಮ್ಮ ನಕಲಿ ಸೈಟಿಗೆ ಸರಿಯಾದ ಸರ್ಟಿಫಿಕೇಟ್ ಪಡೀತಾರೆ, ಅದೂ ಪುಕ್ಕಟೆಯಾಗಿ.)

ಕೋಡ್‌ನಲ್ಲಿ 'ಡೇಟ್ ಇನ್‌ವ್ಯಾಲಿಡ್' ಅಂತಿದ್ದರೆ ಮೊದಲು ನಿಮ್ಮ ಸಾಧನದ ದಿನಾಂಕ ನೋಡಿ. ಹಳೆಯ ಲ್ಯಾಬ್ ಕಂಪ್ಯೂಟರ್‌ಗಳಲ್ಲಿ ಮದರ್‌ಬೋರ್ಡ್ ಮೇಲಿನ ಪುಟ್ಟ ಬ್ಯಾಟರಿ ಸತ್ತು ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತೆ. ಆಗ ಒಂದಲ್ಲ, ಎಲ್ಲ ಸೈಟ್‌ಗಳೂ ಎಚ್ಚರಿಕೆ ಕೊಡ್ತವೆ. ದಿನಾಂಕ ಸರಿಯಿದ್ದರೆ ತಪ್ಪು ಸೈಟಿನವರದು, ಅವಧಿ ಮುಗಿದ ಸರ್ಟಿಫಿಕೇಟನ್ನು ನವೀಕರಿಸಿಲ್ಲ. ಇದು ಮುಂದೆ ಹೆಚ್ಚಾಗಬಹುದು ಅನ್ನೋದು ನನ್ನ ಅಂದಾಜು. 2020ರಿಂದ 398 ದಿನವಿದ್ದ ಗರಿಷ್ಠ ಅವಧಿ 2026ರ ಮಾರ್ಚ್‌ನಿಂದ 200 ದಿನಕ್ಕೆ, 2029ರ ಮಾರ್ಚ್‌ಗೆ 47 ದಿನಕ್ಕೆ ಇಳಿಯುವಂತೆ ನಿಯಮವಾಗಿದೆ. ವರ್ಷಕ್ಕೊಮ್ಮೆ ನೆನಪಿಡದ ಕಚೇರಿಗಳು ಒಂದೂವರೆ ತಿಂಗಳಿಗೊಮ್ಮೆ ನೆನಪಿಡುತ್ತವಾ?

'ಕಾಮನ್ ನೇಮ್ ಇನ್‌ವ್ಯಾಲಿಡ್' ಅಂದರೆ ಚೀಟಿ ಬೇರೆ ಹೆಸರಿನಲ್ಲಿದೆ. ವಿಳಾಸದ ಕಾಗುಣಿತ ನೋಡಿ. ರೈಲ್ವೆ ಸ್ಟೇಷನ್, ಹೋಟೆಲ್ ವೈಫೈ ಆದರೆ ಲಾಗಿನ್ ಪುಟ ಮಧ್ಯೆ ನುಗ್ಗಿರಬಹುದು. ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ತೆರೆದರೆ ಸಾಮಾನ್ಯವಾಗಿ ಆ ಲಾಗಿನ್ ಪುಟ ಬರುತ್ತೆ, ಮುಗಿಸಿ ವಾಪಸ್ ಬನ್ನಿ.

ನಿಜವಾಗಿ ನಿಂತು ನೋಡಬೇಕಾದದ್ದು 'ಅಥಾರಿಟಿ ಇನ್‌ವ್ಯಾಲಿಡ್'. ಫೈರ್‌ಫಾಕ್ಸ್‌ನಲ್ಲಿ ಇದೇ 'ಅನ್‌ನೋನ್ ಇಶ್ಯೂಯರ್'. ಚೀಟಿ ಕೊಟ್ಟವರು ಯಾರೋ ಬ್ರೌಸರಿಗೆ ಗೊತ್ತಿಲ್ಲ. ಸೈಟಿನವರು ಸರ್ವರನ್ನು ಅರೆಬರೆ ಹೊಂದಿಸಿರಬಹುದು. ನಿಮ್ಮ ಸಾಧನದ ಪಟ್ಟಿ ಹಳತಾಗಿರಬಹುದು. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಅವಲಂಬಿಸಿದ್ದ ಹಳೆಯ ರೂಟ್ ಒಂದರ ಅವಧಿ ಮುಗಿದಾಗ ಹಲವು ಹಳೆಯ ಸಾಧನಗಳಲ್ಲಿ ಹೀಗೇ ಆಯ್ತು. ಫೈರ್‌ಫಾಕ್ಸ್ ತನ್ನದೇ ಪಟ್ಟಿ ಇಟ್ಟುಕೊಂಡಿರೋದರಿಂದ ಅಂಥ ಕಡೆ ಅದನ್ನು ಹಾಕಿ ನೋಡಬಹುದು. ಆಂಟಿವೈರಸ್ ಕೂಡ ಮಧ್ಯೆ ಕೂತು ಸಂಪರ್ಕ ಬಿಚ್ಚಿ ನೋಡ್ತಿರಬಹುದು. ಅಥವಾ ನೀವಿರುವ ನೆಟ್‌ವರ್ಕ್‌ನವರೇ.

ಪತ್ತೆಗೆ ಸುಲಭ ದಾರಿ: ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಅದೇ ಪುಟ ತೆರೆಯಿರಿ. ಎಚ್ಚರಿಕೆ ಮಾಯವಾದರೆ ಸಮಸ್ಯೆ ಆ ವೈಫೈನಲ್ಲಿದೆ. ಆಮೇಲೆ ಸರ್ಟಿಫಿಕೇಟ್ ವಿವರ ತೆರೆದು 'ಇಶ್ಯೂಡ್ ಬೈ' ನೋಡಿ. ಅಲ್ಲಿ ಆಂಟಿವೈರಸ್ ಹೆಸರೋ, ಕಾಲೇಜಿನ ಫೈರ್‌ವಾಲ್ ಹೆಸರೋ ಇದ್ದರೆ ನಿಮ್ಮ ಮಾತನ್ನು ಯಾರು ಓದ್ತಿದ್ದಾರೆ ಅನ್ನೋದು ಗೊತ್ತಾಯ್ತು.

'ನಮ್ಮ ರೂಟ್ ಸರ್ಟಿಫಿಕೇಟ್ ಹಾಕಿಕೊಳ್ಳಿ, ಎಚ್ಚರಿಕೆ ಬರಲ್ಲ' ಅಂತ ಯಾರಾದರೂ ಹೇಳಿದರೆ ನಿಮ್ಮ ಸ್ವಂತ ಫೋನಿನಲ್ಲಿ ಖಂಡಿತ ಮಾಡಬೇಡಿ. ಹಾಕಿಕೊಂಡರೆ ಅವರು ಯಾವ ಸೈಟಿನ ಹೆಸರಿನಲ್ಲಿ ಬೇಕಾದರೂ ಚೀಟಿ ಬರೆಯಬಹುದು, ನಿಮ್ಮ ಬ್ರೌಸರ್ ತುಟಿ ಪಿಟಕ್ ಅನ್ನಲ್ಲ. 2019ರಲ್ಲಿ ಕಜಾಕಸ್ತಾನದ ಸರ್ಕಾರ ಇದನ್ನೇ ಮಾಡಿತು. ಸರ್ಕಾರಿ ಸರ್ಟಿಫಿಕೇಟ್ ಹಾಕಿಕೊಳ್ಳಿ ಎಂದು ಇಂಟರ್ನೆಟ್ ಕಂಪನಿಗಳ ಮೂಲಕ ಜನರಿಗೆ ಸೂಚನೆ ಕೊಡಿಸಿತು. ಆ ಆಗಸ್ಟ್‌ನಲ್ಲಿ ಗೂಗಲ್, ಮೊಜಿಲ್ಲಾ, ಆಪಲ್ ಮೂರೂ ತಮ್ಮ ಬ್ರೌಸರ್‌ಗಳಲ್ಲಿ ಅದನ್ನು ತಡೆದವು.

ನಮ್ಮಲ್ಲಿ ಪಟ್ಟಿಯೊಳಗಿದ್ದವರೇ ಎಡವಿದ್ದೂ ಇದೆ. 2014ರ ಜುಲೈನಲ್ಲಿ ಗೂಗಲ್ ತನ್ನ ಹಲವು ಡೊಮೈನ್‌ಗಳ ಹೆಸರಿನಲ್ಲಿ ಅನಧಿಕೃತ ಸರ್ಟಿಫಿಕೇಟ್‌ಗಳನ್ನು ಕಂಡಿತು. ಅವು ಹೊರಟಿದ್ದು ನಮ್ಮ ಎನ್‌ಐಸಿಯಿಂದ. ಭಾರತ ಸರ್ಕಾರದ ಸಿಸಿಎ ರೂಟ್ ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಇದ್ದುದರಿಂದ ವಿಂಡೋಸ್‌ನ ಹೆಚ್ಚಿನ ಪ್ರೋಗ್ರಾಂಗಳು ಅವನ್ನು ನಂಬುತ್ತಿದ್ದವು. ವಿತರಣಾ ವ್ಯವಸ್ಥೆಯೊಳಗೇ ಯಾರೋ ನುಗ್ಗಿದ್ದರು ಎಂದು ಸಿಸಿಎ ಹೇಳಿತು. ಆಮೇಲೆ ಕ್ರೋಮ್ ಆ ರೂಟನ್ನು ಜಿಒವಿ ಡಾಟ್ ಇನ್, ಎನ್‌ಐಸಿ ಡಾಟ್ ಇನ್‌ನಂಥ ಕೆಲವೇ ಡೊಮೈನ್‌ಗಳಿಗೆ ಸೀಮಿತಗೊಳಿಸಿತು. ಈ ಇತಿಹಾಸ ಇಟ್ಟುಕೊಂಡೂ ಕೆಲವು ಇಲಾಖೆಗಳ ಬಳಕೆದಾರರ ಕೈಪಿಡಿಯಲ್ಲಿ 'ಎಚ್ಚರಿಕೆ ಬಂದರೆ ಅಡ್ವಾನ್ಸ್ಡ್ ಒತ್ತಿ ಮುಂದುವರಿಯಿರಿ' ಅಂತ ಚಿತ್ರಸಮೇತ ಬರೆದಿರೋದನ್ನು ನೋಡಿದ್ದೇನೆ. ಆಧಾರ್, ಜಾತಿ, ಆದಾಯದ ದಾಖಲೆ ಕೇಳುವ ಪುಟಗಳಲ್ಲಿ ನಾಗರಿಕರಿಗೆ ಕೊಡುವ ತರಬೇತಿ ಇದು! ನನಗಂತೂ ಇದು ಬೇಜವಾಬ್ದಾರಿ ಅನ್ನಿಸುತ್ತೆ.

ಎಚ್ಚರಿಕೆಯನ್ನು ಗಂಭೀರವಾಗಿ ತಗೊಂಡವರಿಂದ ಏನಾಗುತ್ತೆ ಅನ್ನೋದಕ್ಕೆ 2011ರ ಇರಾನ್ ನೋಡಿ. ಡಿಜಿನೋಟಾರ್ ಎಂಬ ಡಚ್ ಸಂಸ್ಥೆಗೆ ಕನ್ನ ಹಾಕಿ 500ಕ್ಕೂ ಹೆಚ್ಚು ನಕಲಿ ಸರ್ಟಿಫಿಕೇಟ್ ಸೃಷ್ಟಿಸಲಾಗಿತ್ತು, ಇರಾನಿಗರ ಜಿಮೇಲ್ ಕದ್ದು ನೋಡಲು ಒಂದನ್ನು ಬಳಸಲಾಗಿತ್ತು. ಅದು ಬಯಲಾಗಿದ್ದು ಅಲ್ಲಿನ ಒಬ್ಬ ಸಾಮಾನ್ಯ ಬಳಕೆದಾರನಿಂದ. ಕ್ರೋಮ್ ತೋರಿಸಿದ ಎಚ್ಚರಿಕೆಯನ್ನು ದಾಟಿ ಹೋಗದೆ, 'ಇದೇನು?' ಅಂತ ಆತ ಗೂಗಲನ್ನು ಬಹಿರಂಗವಾಗಿ ಕೇಳಿದ. ಆ ಸೆಪ್ಟೆಂಬರ್‌ನಲ್ಲೇ ಡಿಜಿನೋಟಾರ್ ದಿವಾಳಿಯಾಯಿತು.

ಕೆಲವು ಸೈಟ್‌ಗಳಲ್ಲಿ 'ಪ್ರೊಸೀಡ್' ಗುಂಡಿಯೇ ಇರಲ್ಲ. ಎಚ್‌ಎಸ್‌ಟಿಎಸ್ ಎಂಬ ನಿಯಮದ ಮೂಲಕ ಸೈಟಿನವರೇ ಅದನ್ನು ಮುಚ್ಚಿರ್ತಾರೆ. ಅಡ್ಡದಾರಿ ಹುಡುಕಬೇಡಿ. ಬರೀ ಸುದ್ದಿ ಓದುವ ಪುಟವಾದರೆ, ಅವಧಿ ನಿನ್ನೆಯಷ್ಟೇ ಮುಗಿದಿದ್ದರೆ, ನಾನು ಒಮ್ಮೊಮ್ಮೆ ದಾಟುತ್ತೇನೆ. ಪಾಸ್‌ವರ್ಡ್, ಓಟಿಪಿ, ದಾಖಲೆ, ಹಣ ಕೇಳುವ ಕಡೆ ಇಲ್ಲವೇ ಇಲ್ಲ. ಸರ್ಕಾರಿ ಪುಟವಾದರೆ ವಿಳಾಸ, ಎರರ್ ಕೋಡ್, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಆ ಇಲಾಖೆಯ ಸಹಾಯವಾಣಿಗೆ ಇಮೇಲ್ ಮಾಡಿ, ಸರ್ಟ್-ಇನ್‌ಗೂ ಒಂದು ಪ್ರತಿ ಹಾಕಿ. ಅರ್ಜಿಯ ಗಡುವು ತಪ್ಪಿತು ಅಂತ ನಾಳೆ ತಕರಾರು ಬಂದರೆ ಆ ಇಮೇಲ್ ನಿಮ್ಮ ಬಳಿ ದಾಖಲೆಯಾಗಿ ಇರುತ್ತೆ.